ಕಚೇರಿ ಆಡಳಿತ ಪದವೀಧರರ ಉದ್ಯೋಗ ಸನ್ನದ್ಧತೆಯಲ್ಲಿ ತರಬೇತಿ ಸೌಲಭ್ಯಗಳ ಪಾತ್ರ
(ಮುಗದ ಹಾಗೂ ಧಾರವಾಡ ತಾಲ್ಲೂಕಿನ ಅಭ್ಯರ್ಥಿಗಳ ಮಾಹಿತಿಗಾಗಿ)

1. ಪೀಠಿಕೆ

ಧಾರವಾಡ ತಾಲ್ಲೂಕಿನ ಮುಗದ ಗ್ರಾಮವು ತನ್ನ ಕೆರೆಗೂ ಭತ್ತದ ಬೇಸಾಯಕ್ಕೂ ಹೆಸರಾದುದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರವು ಇಲ್ಲಿದ್ದು, ಧಾರವಾಡ-ಅಳ್ನಾವರ ರೈಲು ಮಾರ್ಗದಲ್ಲಿ ಗ್ರಾಮಕ್ಕೆ ತನ್ನದೇ ನಿಲ್ದಾಣವಿದೆ. ಇಂತಹ ಗ್ರಾಮಗಳ ಕೃಷಿಕ ಕುಟುಂಬಗಳಿಂದ ಬಂದು ವಾಣಿಜ್ಯ, ಕಲೆ ಅಥವಾ ಕಚೇರಿ ನಿರ್ವಹಣೆಯ ವಿಷಯಗಳಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದ ಯುವಜನರಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರವೇ ಸಹಜವಾದ ಉದ್ಯೋಗ ಕ್ಷೇತ್ರವಾಗಿದೆ.

ಈ ಅವಳಿ ನಗರವು ಕಚೇರಿಗಳ ನಗರವೂ ಹೌದು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ (1997), ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (2002) ಹಾಗೂ ನೈಋತ್ಯ ರೈಲ್ವೆ (2003) ಇವುಗಳ ಕೇಂದ್ರ ಕಚೇರಿಗಳು ಹುಬ್ಬಳ್ಳಿಯಲ್ಲಿವೆ. ಧಾರವಾಡದಲ್ಲಿ ಜಿಲ್ಲಾಡಳಿತದ ಕಚೇರಿಗಳು, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಹಾಗೂ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಪೀಠವಾದ ಉಚ್ಚ ನ್ಯಾಯಾಲಯದ ಪೀಠವಿವೆ. ಇವುಗಳೊಂದಿಗೆ ಬ್ಯಾಂಕುಗಳು, ಆಸ್ಪತ್ರೆಗಳು, ವಕೀಲರ ಮತ್ತು ಲೆಕ್ಕಪರಿಶೋಧಕರ ಕಚೇರಿಗಳು, ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯ ವರ್ತಕರ ಅಂಗಡಿಗಳು ಹಾಗೂ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಕಚೇರಿ ಸಿಬ್ಬಂದಿಯನ್ನು ಬಯಸುತ್ತವೆ.

ಆದಾಗ್ಯೂ, ಪದವಿ ಪತ್ರವಿದ್ದ ಮಾತ್ರಕ್ಕೆ ಅಭ್ಯರ್ಥಿಯು ಕಚೇರಿ ಕೆಲಸಕ್ಕೆ ಸಿದ್ಧನಾಗಿದ್ದಾನೆ ಎನ್ನಲಾಗದು. ಒಂದೇ ಪಠ್ಯಕ್ರಮವನ್ನು ಓದಿ ಒಂದೇ ದರ್ಜೆಯಲ್ಲಿ ತೇರ್ಗಡೆಯಾದ ಇಬ್ಬರಲ್ಲಿ ಒಬ್ಬರು ಮೊದಲ ವಾರದಲ್ಲಿಯೇ ಕಡತ ನಿರ್ವಹಿಸುವುದು, ಮತ್ತೊಬ್ಬರು ಒಂದು ಪತ್ರದ ಕರಡಿಗೂ ತಡವರಿಸುವುದು ಕಂಡುಬರುತ್ತದೆ. ಇದಕ್ಕೆ ಕಾರಣವನ್ನು ಬುದ್ಧಿಮತ್ತೆಯಲ್ಲಿ ಹುಡುಕುವ ಮೊದಲು ಅವರು ಕಲಿತ ಸ್ಥಳದ ಸೌಲಭ್ಯಗಳಲ್ಲಿ ಹುಡುಕುವುದು ಸೂಕ್ತ. ಆ ಸೌಲಭ್ಯಗಳು ಯಾವುವು, ಅವು ಉದ್ಯೋಗ ಸನ್ನದ್ಧತೆಯ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಹಾಗೂ ಪ್ರವೇಶ ಪಡೆಯುವ ಮೊದಲು ಏನನ್ನು ಪರಿಶೀಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಉದ್ಯೋಗ ಸನ್ನದ್ಧತೆ ಎಂದರೇನು?

ನೇಮಕಗೊಂಡ ವ್ಯಕ್ತಿಯು ಕಚೇರಿಯ ದೈನಂದಿನ ಕೆಲಸವನ್ನು ಮತ್ತೊಬ್ಬರ ನೆರವಿಲ್ಲದೆ, ನಿಗದಿತ ಅವಧಿಯಲ್ಲಿ, ತಪ್ಪಿಲ್ಲದೆ ಮಾಡಬಲ್ಲ ಸ್ಥಿತಿಯನ್ನು ಉದ್ಯೋಗ ಸನ್ನದ್ಧತೆ ಎನ್ನಬಹುದು. ಕಚೇರಿ ಆಡಳಿತದ ಮಟ್ಟಿಗೆ ಇದರಲ್ಲಿ ಕೆಳಕಂಡ ಅಂಶಗಳು ಅಡಕವಾಗಿವೆ:

(ಅ) ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ವೇಗವಾಗಿ, ಶುದ್ಧವಾಗಿ ಬೆರಳಚ್ಚು ಮಾಡುವುದು.
(ಆ) ಪತ್ರ, ಜ್ಞಾಪನ, ಸುತ್ತೋಲೆ, ಟಿಪ್ಪಣಿ ಮತ್ತು ಹಿಂಬರಹಗಳ ಕರಡು ಸಿದ್ಧಪಡಿಸುವುದು.
(ಇ) ಟಪಾಲು ಸ್ವೀಕಾರದಿಂದ ಅಭಿಲೇಖಾಲಯದವರೆಗೆ ಕಡತವನ್ನು ನಿರ್ವಹಿಸುವುದು.
(ಈ) ಲೆಕ್ಕಪತ್ರ, ವೇತನ ಬಿಲ್ಲು ಹಾಗೂ ತೆರಿಗೆಗೆ ಸಂಬಂಧಿಸಿದ ತಂತ್ರಾಂಶಗಳಲ್ಲಿ ಮಾಹಿತಿ ದಾಖಲಿಸುವುದು.
(ಉ) ಕಚೇರಿಗೆ ಬಂದ ಸಾರ್ವಜನಿಕರ ಮಾತನ್ನು ಆಲಿಸಿ, ಸರಿಯಾದ ಮಾಹಿತಿ ನೀಡುವುದು.

ಇವುಗಳಲ್ಲಿ ಯಾವುದನ್ನೂ ಕೇವಲ ಓದಿ ಕಲಿಯಲು ಸಾಧ್ಯವಿಲ್ಲ. ಈಜು ಕಲಿಯಲು ನೀರು ಬೇಕಾದಂತೆ ಇವುಗಳನ್ನು ಕಲಿಯಲು ಯಂತ್ರ, ತಂತ್ರಾಂಶ, ಕಡತ, ಬೋಧಕ ಹಾಗೂ ನೈಜ ಕಚೇರಿಯ ಸಂಪರ್ಕ ಬೇಕಾಗುತ್ತದೆ.

3. ಸೌಲಭ್ಯಗಳು ಮತ್ತು ಅವುಗಳ ಪರಿಣಾಮ

3.1 ಯಂತ್ರದ ಮುಂದೆ ದೊರೆಯುವ ಸಮಯ

ತರಬೇತಿ ಕೇಂದ್ರದಲ್ಲಿ ಎಷ್ಟು ಗಣಕಯಂತ್ರಗಳಿವೆ ಎನ್ನುವುದಕ್ಕಿಂತ, ಪ್ರತಿ ಅಭ್ಯರ್ಥಿಗೆ ಎಷ್ಟು ಗಂಟೆ ಯಂತ್ರ ದೊರೆಯುತ್ತದೆ ಎನ್ನುವುದು ಮುಖ್ಯ. ಉದಾಹರಣೆಗೆ, 30 ಅಭ್ಯರ್ಥಿಗಳ ತಂಡಕ್ಕೆ 30 ಯಂತ್ರಗಳಿದ್ದು, ದಿನಕ್ಕೆ 1 ಗಂಟೆಯಂತೆ ತಿಂಗಳಿಗೆ 25 ದಿನ ತರಗತಿ ನಡೆದರೆ 6 ತಿಂಗಳಲ್ಲಿ ಪ್ರತಿಯೊಬ್ಬರಿಗೂ 150 ಗಂಟೆಗಳ ಅಭ್ಯಾಸ ದೊರೆಯುತ್ತದೆ. ಯಂತ್ರಗಳು 15 ಇದ್ದರೆ ಅದು 75 ಗಂಟೆಗೆ ಇಳಿಯುತ್ತದೆ. ಆ 15ರಲ್ಲಿ 3 ಕೆಟ್ಟು ದುರಸ್ತಿಯಾಗದೆ ಉಳಿದರೆ 60 ಗಂಟೆ ಮಾತ್ರ ಉಳಿಯುತ್ತದೆ. ವಿದ್ಯುತ್ ನಿಲುಗಡೆಯ ಸಮಯದಲ್ಲಿ ಬದಲಿ ವ್ಯವಸ್ಥೆ ಇಲ್ಲದಿದ್ದಲ್ಲಿ ಇನ್ನೂ ಕಡಿಮೆಯಾಗುತ್ತದೆ. ಮೂವರಿಗೂ ದೊರೆಯುವ ಪ್ರಮಾಣಪತ್ರ ಒಂದೇ. ಆದರೆ ಬೆರಳುಗಳ ಅಭ್ಯಾಸ ಒಂದೇ ಅಲ್ಲ.

ಈ ವ್ಯತ್ಯಾಸವು ಕೌಶಲ್ಯ ಪರೀಕ್ಷೆಯ ದಿನ ಬಯಲಾಗುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳ ಕಿರಿಯ ಸಹಾಯಕ ಹುದ್ದೆಗಳಿಗೆ ಸಿಬ್ಬಂದಿ ಆಯ್ಕೆ ಆಯೋಗವು ನಡೆಸುವ ಬೆರಳಚ್ಚು ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದಗಳ ವೇಗ ಅಪೇಕ್ಷಿತ. ಒಂದು ಪದಕ್ಕೆ ಸರಾಸರಿ 5 ಒತ್ತುಗಳಂತೆ ಇದು ನಿಮಿಷಕ್ಕೆ 175, ಗಂಟೆಗೆ 10,500 ಒತ್ತುಗಳಾಗುತ್ತದೆ. ಪರೀಕ್ಷೆಯ 10 ನಿಮಿಷಗಳಲ್ಲಿ ಸುಮಾರು 1,750 ಒತ್ತುಗಳನ್ನು ಮಿತಿಮೀರಿದ ತಪ್ಪುಗಳಿಲ್ಲದೆ ಪೂರೈಸಬೇಕು. ಲಿಖಿತ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿದ ಅಭ್ಯರ್ಥಿಯೂ ಈ ಹಂತದಲ್ಲಿ ಹಿಂದೆ ಬಿದ್ದರೆ ಹುದ್ದೆ ಕೈತಪ್ಪುತ್ತದೆ.

3.2 ಕನ್ನಡ ತಂತ್ರಾಂಶ ಮತ್ತು ಕೀಲಿಮಣೆ

1963ರ ರಾಜಭಾಷಾ ಅಧಿನಿಯಮದ ಪ್ರಕಾರ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ಆದ್ದರಿಂದ ರಾಜ್ಯದ ಕಚೇರಿಗಳಲ್ಲಿ ಕನ್ನಡ ಬೆರಳಚ್ಚು ತಿಳಿಯದ ಸಿಬ್ಬಂದಿಯು ಅರ್ಧ ಕೆಲಸಕ್ಕೆ ಮಾತ್ರ ಸಿದ್ಧರು. ಇಲ್ಲಿ ಅಭ್ಯರ್ಥಿಗಳು ಗಮನಿಸಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು ಕೀಲಿಮಣೆಯ ವಿನ್ಯಾಸ. ಹಳೆಯ ಕನ್ನಡ ಬೆರಳಚ್ಚು ಯಂತ್ರದ ವಿನ್ಯಾಸವೇ ಬೇರೆ; ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬಳಕೆಯಲ್ಲಿರುವ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಬೇರೆ. ಒಂದರಲ್ಲಿ ಪಳಗಿದ ಬೆರಳುಗಳು ಮತ್ತೊಂದರಲ್ಲಿ ತಡವರಿಸುತ್ತವೆ. ತಾನು ಬರೆಯಲಿರುವ ಪರೀಕ್ಷೆಯಲ್ಲಿ ಯಾವ ವಿನ್ಯಾಸವಿರುತ್ತದೆ ಎಂಬುದನ್ನು ಅಧಿಸೂಚನೆಯಿಂದ ತಿಳಿದುಕೊಂಡು, ಅದೇ ವಿನ್ಯಾಸದಲ್ಲಿ ಅಭ್ಯಾಸ ದೊರೆಯುವ ಕೇಂದ್ರವನ್ನು ಆರಿಸಿಕೊಳ್ಳತಕ್ಕದ್ದು.

ಎರಡನೆಯದು ಅಕ್ಷರಗಳ ಸಂಕೇತ ವ್ಯವಸ್ಥೆ. ಹಿಂದಿನ ಫಾಂಟುಗಳಲ್ಲಿ ಸಿದ್ಧಪಡಿಸಿದ ಕನ್ನಡ ಪಠ್ಯವು ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಸಿದ್ಧಪಡಿಸಿದ ಪಠ್ಯವು ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ಓದಲು ದೊರೆಯುತ್ತದೆ. ಅದರಲ್ಲಿ ಹೆಸರು ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಸಾಧ್ಯ. ಅಂತರಜಾಲದ ಮೂಲಕ ಅರ್ಜಿಗಳು ವಿಲೇಯಾಗುವ ಕಚೇರಿಗಳಲ್ಲಿ ಯೂನಿಕೋಡ್ ಅಭ್ಯಾಸವಿಲ್ಲದ ಸಿಬ್ಬಂದಿಯು ಒಂದೇ ಪಠ್ಯವನ್ನು ಎರಡು ಬಾರಿ ಅಚ್ಚು ಮಾಡಬೇಕಾಗುತ್ತದೆ.

3.3 ಮಾದರಿ ಕಚೇರಿ

ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಾಲಯವಿದ್ದಂತೆ ಕಚೇರಿ ಆಡಳಿತದ ವಿದ್ಯಾರ್ಥಿಗೆ ಮಾದರಿ ಕಚೇರಿ ಇರಬೇಕು. ಇದಕ್ಕೆ ದೊಡ್ಡ ವೆಚ್ಚ ತಗಲುವುದಿಲ್ಲ. ಕೆಲವು ಮೇಜುಗಳು, ಆವಕ ಮತ್ತು ಜಾವಕ ವಹಿಗಳು, ಕಡತದ ಹೊದಿಕೆಗಳು, ಟಿಪ್ಪಣಿ ಹಾಳೆಗಳು, ಮೊಹರು, ಸ್ಕ್ಯಾನರ್, ಮುದ್ರಣ ಯಂತ್ರ ಮತ್ತು ಬೀಗವಿರುವ ಒಂದು ಕಪಾಟು ಸಾಕು. ಅದನ್ನು ಬಳಸುವ ವಿಧಾನವೇ ಮುಖ್ಯ.

ಉತ್ತಮ ಕೇಂದ್ರದಲ್ಲಿ ಒಂದು ಅರ್ಜಿಯನ್ನು ಆರಂಭದಿಂದ ಅಂತ್ಯದವರೆಗೆ ಅಭ್ಯರ್ಥಿಯಿಂದಲೇ ನಡೆಸಲಾಗುತ್ತದೆ. ಅರ್ಜಿಯನ್ನು ಸ್ವೀಕರಿಸಿ ಸ್ವೀಕೃತಿ ನೀಡುವುದು. ಆವಕ ವಹಿಯಲ್ಲಿ ಸಂಖ್ಯೆ ಮತ್ತು ದಿನಾಂಕ ನಮೂದಿಸುವುದು. ಹಿಂದಿನ ಕಡತವಿದ್ದಲ್ಲಿ ಹುಡುಕಿ ಲಗತ್ತಿಸುವುದು. ಟಿಪ್ಪಣಿ ಹಾಳೆಯಲ್ಲಿ ವಿಷಯ, ಅನ್ವಯವಾಗುವ ನಿಯಮ ಹಾಗೂ ಸಲಹೆಯನ್ನು ಕಂಡಿಕೆವಾರು ಬರೆದು ಮೇಲಧಿಕಾರಿಯ ಆದೇಶಕ್ಕೆ ಮಂಡಿಸುವುದು. ಆದೇಶದಂತೆ ಪತ್ರದ ಕರಡು ಸಿದ್ಧಪಡಿಸಿ, ಅನುಮೋದನೆಯ ನಂತರ ಶುದ್ಧ ಪ್ರತಿ ತೆಗೆಯುವುದು. ಜಾವಕ ವಹಿಯಲ್ಲಿ ನಮೂದಿಸಿ ರವಾನಿಸುವುದು. ಕೊನೆಗೆ ಕಡತವನ್ನು ಮುಕ್ತಾಯಗೊಳಿಸಿ, ಶಾಶ್ವತವಾಗಿ ಉಳಿಸಬೇಕಾದುದೋ ನಿಗದಿತ ಅವಧಿಯ ನಂತರ ನಾಶಪಡಿಸಬಹುದಾದುದೋ ಎಂದು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳುಹಿಸುವುದು. ಈ ಸರಪಣಿಯನ್ನು ಹತ್ತಾರು ಬಾರಿ ತಾನೇ ನಡೆಸಿದ ಅಭ್ಯರ್ಥಿಗೆ ವಿದ್ಯುನ್ಮಾನ ಕಡತ ವ್ಯವಸ್ಥೆಯೂ ಕಷ್ಟವೆನಿಸುವುದಿಲ್ಲ. ಏಕೆಂದರೆ ಅಲ್ಲಿ ಕಾಗದ ಮಾತ್ರ ಇಲ್ಲ, ಕ್ರಮ ಅದೇ ಇದೆ. ಕಾಗದದ ಮೇಲಿನ ಕ್ರಮವನ್ನು ತಿಳಿಯದವರಿಗೆ ತೆರೆಯ ಮೇಲಿನ ಗುಂಡಿಗಳ ಅರ್ಥವೂ ತಿಳಿಯದು.

3.4 ಬೋಧಕರು ಮತ್ತು ತಿದ್ದುಪಡಿ

ಯಂತ್ರವು ವೇಗವನ್ನು ಕಲಿಸಬಲ್ಲದು. ಕರಡು ಬರೆಯುವುದನ್ನು ಮನುಷ್ಯರೇ ಕಲಿಸಬೇಕು. ಪತ್ರದಲ್ಲಿ 'ವಿಷಯ' ಮತ್ತು 'ಉಲ್ಲೇಖ'ಗಳನ್ನು ಬರೆಯುವ ಬಗೆ, ಮೇಲಿನ ಕಚೇರಿಗೂ ಅಧೀನ ಕಚೇರಿಗೂ ಬರೆಯುವ ಭಾಷೆಯಲ್ಲಿನ ವ್ಯತ್ಯಾಸ, ಅರ್ಜಿದಾರನಿಗೆ ನಿರಾಕರಣೆಯ ಹಿಂಬರಹ ನೀಡುವಾಗ ಕಾರಣವನ್ನು ಸ್ಪಷ್ಟವಾಗಿ ತಿಳಿಸುವ ಕ್ರಮ - ಇವು ಅಭ್ಯರ್ಥಿಯ ಬರಹವನ್ನು ಬೋಧಕರು ಸಾಲು ಸಾಲಾಗಿ ತಿದ್ದಿ ಹಿಂದಿರುಗಿಸಿದಾಗ ಮಾತ್ರ ರೂಢಿಯಾಗುತ್ತವೆ. ಆದ್ದರಿಂದ ತಿದ್ದಿದ ಅಭ್ಯಾಸ ಪುಸ್ತಕವು ತರಬೇತಿ ಕೇಂದ್ರದ ಗುಣಮಟ್ಟಕ್ಕೆ ಕಟ್ಟಡಕ್ಕಿಂತಲೂ ಉತ್ತಮ ಸಾಕ್ಷಿಯಾಗಿದೆ.

3.5 ನೈಜ ಕಚೇರಿಯಲ್ಲಿ ಅನುಭವ

ತರಗತಿಯಲ್ಲಿ ಕಲಿತದ್ದು ಸಾರ್ವಜನಿಕರ ಎದುರು ಪರೀಕ್ಷೆಗೆ ಒಳಗಾಗುತ್ತದೆ. 1961ರ ಶಿಶಿಕ್ಷು ಅಧಿನಿಯಮಕ್ಕೆ 2014ರಲ್ಲಿ ತಿದ್ದುಪಡಿಯಾದ ನಂತರ ತಾಂತ್ರಿಕೇತರ ಪದವೀಧರರಿಗೂ ಶಿಶಿಕ್ಷು ತರಬೇತಿಯ ಅವಕಾಶ ದೊರೆತಿದೆ. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸರ್ಕಾರಿ ಅಥವಾ ಖಾಸಗಿ ಸಂಸ್ಥೆಯಲ್ಲಿ ಶಿಷ್ಯವೇತನದೊಂದಿಗೆ ಸಾಮಾನ್ಯವಾಗಿ 1 ವರ್ಷ ತರಬೇತಿ ಪಡೆಯಬಹುದು. ಇದು ಕಾಯಂ ನೇಮಕಾತಿಯ ಭರವಸೆಯಲ್ಲ. ಆದರೆ ಅನುಭವವಿಲ್ಲವೆಂಬ ಕಾರಣಕ್ಕೆ ಹಿಂದಿರುಗಬೇಕಾದ ಪ್ರಸಂಗವನ್ನು ತಪ್ಪಿಸುತ್ತದೆ.

4. ಮುಗದದಂತಹ ಗ್ರಾಮಗಳ ಸ್ಥಿತಿ

ಗ್ರಾಮದಿಂದ ಧಾರವಾಡಕ್ಕೆ ಕಾಲೇಜಿಗಾಗಿ ಹೋಗಿಬರುವ ವಿದ್ಯಾರ್ಥಿಗೆ ದೂರವೂ ಒಂದು ಸೌಲಭ್ಯದ ಪ್ರಶ್ನೆಯೇ. ಕಾಲೇಜಿನ ತರಗತಿ ಮುಗಿದ ನಂತರ ಬೆರಳಚ್ಚು ತರಬೇತಿಗೆ ನಿಂತರೆ ಊರಿಗೆ ಮರಳುವ ಬಸ್ಸು ಅಥವಾ ರೈಲಿನ ವೇಳೆ ಮೀರುವ ಸಂಭವವಿರುತ್ತದೆ. ನಗರದ ವಿದ್ಯಾರ್ಥಿಯು ಸಂಜೆ ಮತ್ತೊಂದು ಗಂಟೆ ಅಭ್ಯಾಸ ಮಾಡಬಲ್ಲ. ಗ್ರಾಮದ ವಿದ್ಯಾರ್ಥಿಯ ಆ ಗಂಟೆ ದಾರಿಯಲ್ಲಿ ಕಳೆಯುತ್ತದೆ. ಸುಗ್ಗಿ ಮತ್ತು ನಾಟಿಯ ದಿನಗಳಲ್ಲಿ ಹೊಲದ ಕೆಲಸವೂ ಸೇರಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಈ ಮಿತಿ ಇನ್ನೂ ಬಿಗಿಯಾದುದು.

2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ಒದಗಿ, ಪ್ರಯಾಣ ವೆಚ್ಚದ ಹೊರೆ ಇಳಿದಿದೆ. ಆದರೆ ವೇಳೆಯ ಹೊರೆ ಉಳಿದೇ ಇದೆ. ಆದ್ದರಿಂದ ಗ್ರಾಮೀಣ ಅಭ್ಯರ್ಥಿಗಳು ತರಬೇತಿ ಕೇಂದ್ರವನ್ನು ಆರಿಸುವಾಗ ಶುಲ್ಕದೊಂದಿಗೆ ವೇಳಾಪಟ್ಟಿಯನ್ನೂ ತೂಗಿ ನೋಡುವುದು ಅವಶ್ಯ. ಬೆಳಗಿನ ತಂಡ, ರಜಾದಿನಗಳ ಹೆಚ್ಚುವರಿ ಅಭ್ಯಾಸ ಹಾಗೂ ತಪ್ಪಿದ ತರಗತಿಗೆ ಬದಲಿ ಅವಕಾಶ ನೀಡುವ ಕೇಂದ್ರವು ಹೆಚ್ಚು ಯಂತ್ರಗಳಿರುವ ದೂರದ ಕೇಂದ್ರಕ್ಕಿಂತ ಉಪಯುಕ್ತವಾಗಬಹುದು.

ಇನ್ನೊಂದೆಡೆ, ಗ್ರಾಮೀಣ ಅಭ್ಯರ್ಥಿಗೆ ಕೆಲವು ಅನುಕೂಲಗಳೂ ಇವೆ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ, ನಿಯಮಗಳಿಗೆ ಒಳಪಟ್ಟು, ಶೇ. 25ರಷ್ಟು ಮೀಸಲಾತಿಯಿದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟಿದೆ. ಈ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲಿ, ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿಟ್ಟುಕೊಳ್ಳತಕ್ಕದ್ದು. ಮೀಸಲಾತಿಯು ಹುದ್ದೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಬೆರಳಚ್ಚು ಪರೀಕ್ಷೆಯಲ್ಲಿ ಅಥವಾ ಸೇವೆಯಲ್ಲಿ ಅದು ಕೌಶಲ್ಯಕ್ಕೆ ಬದಲಿಯಾಗದು.

5. ಲಭ್ಯವಿರುವ ತರಬೇತಿಗಳು

(ಅ) ಪಾಲಿಟೆಕ್ನಿಕ್ ಡಿಪ್ಲೊಮಾ: ಎಸ್ಸೆಸ್ಸೆಲ್ಸಿ ನಂತರ 3 ವರ್ಷಗಳ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಕೋರ್ಸು ರಾಜ್ಯದ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ, ವಿಶೇಷವಾಗಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ದೊರೆಯುತ್ತದೆ.

(ಆ) ಕೈಗಾರಿಕಾ ತರಬೇತಿ ಸಂಸ್ಥೆ: 1 ವರ್ಷದ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ (ಕೋಪಾ) ವೃತ್ತಿಯು ಕಚೇರಿಯ ಗಣಕ ಕೆಲಸಕ್ಕೆ ನೆಲೆಯೊದಗಿಸುತ್ತದೆ.

(ಇ) ವಾಣಿಜ್ಯ ಪರೀಕ್ಷೆಗಳು: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚು ಹಾಗೂ ಶೀಘ್ರಲಿಪಿ ಪರೀಕ್ಷೆಗಳನ್ನು ವಿವಿಧ ದರ್ಜೆಗಳಲ್ಲಿ ನಡೆಸುತ್ತದೆ. ನ್ಯಾಯಾಲಯಗಳ ಬೆರಳಚ್ಚುಗಾರ ಮತ್ತು ಶೀಘ್ರಲಿಪಿಗಾರ ಹುದ್ದೆಗಳಿಗೆ ಸಾಮಾನ್ಯವಾಗಿ ಎರಡೂ ಭಾಷೆಗಳಲ್ಲಿ ಪ್ರೌಢ ದರ್ಜೆಯ ತೇರ್ಗಡೆಯನ್ನು ಕೇಳಲಾಗುತ್ತದೆ. ಉಚ್ಚ ನ್ಯಾಯಾಲಯದ ಪೀಠವೂ ಜಿಲ್ಲಾ ನ್ಯಾಯಾಲಯವೂ ಇರುವ ಧಾರವಾಡದಲ್ಲಿ ಈ ಅರ್ಹತೆಗೆ ವಕೀಲರ ಕಚೇರಿಗಳಲ್ಲಿಯೂ ಬೆಲೆಯಿದೆ.

(ಈ) ಸೇವೆಗೆ ಸೇರಿದ ನಂತರ: ಕರ್ನಾಟಕ ನಾಗರಿಕ ಸೇವಾ (ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ) ನಿಯಮಗಳು, 2012ರ ಪ್ರಕಾರ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಹಾಗೂ ಜಿಲ್ಲಾ ತರಬೇತಿ ಸಂಸ್ಥೆಗಳು ಸೇವಾನಿರತರಿಗೆ ತರಬೇತಿ ನೀಡುತ್ತವೆ. ಇವು ನೇಮಕಾತಿಗೆ ಮುಂಚಿನ ತರಬೇತಿಗೆ ಪರ್ಯಾಯವಲ್ಲ.

(ಉ) ಯುವನಿಧಿ: 2023ರಲ್ಲಿ ಪ್ರಕಟವಾದ ಈ ಯೋಜನೆಯಡಿ, ತೇರ್ಗಡೆಯಾಗಿ 6 ತಿಂಗಳಾದರೂ ಉದ್ಯೋಗ ದೊರೆಯದ ಅರ್ಹ ಪದವೀಧರರಿಗೆ ತಿಂಗಳಿಗೆ ರೂ. 3,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 1,500 ಭತ್ಯೆಯನ್ನು ಗರಿಷ್ಠ 2 ವರ್ಷ ನೀಡಲು ಅವಕಾಶ ಕಲ್ಪಿಸಲಾಗಿದೆ. ಶಿಶಿಕ್ಷು ವೇತನ ಪಡೆಯುತ್ತಿರುವವರಿಗೆ ಇದು ಅನ್ವಯಿಸುವುದಿಲ್ಲ. ಭತ್ಯೆಯ ಅವಧಿಯನ್ನು ಕೌಶಲ್ಯ ಗಳಿಕೆಗೆ ಬಳಸಿಕೊಳ್ಳುವುದು ಹಿತಕರ.

6. ಪ್ರವೇಶಕ್ಕೆ ಮೊದಲು ಪರಿಶೀಲಿಸಬೇಕಾದ ಅಂಶಗಳು

ಶುಲ್ಕ ಪಾವತಿಸುವ ಮೊದಲು ಅಭ್ಯರ್ಥಿಯು ಪೋಷಕರೊಂದಿಗೆ ಕೇಂದ್ರಕ್ಕೆ ಖುದ್ದಾಗಿ ಭೇಟಿ ನೀಡಿ, ತರಗತಿ ನಡೆಯುತ್ತಿರುವ ವೇಳೆಯಲ್ಲಿ ಕೆಳಕಂಡ ಅಂಶಗಳನ್ನು ತಿಳಿದುಕೊಳ್ಳಬೇಕು:

1) ಒಂದು ತಂಡದಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೆ? ಕೆಲಸ ಮಾಡುವ ಯಂತ್ರಗಳು ಎಷ್ಟು?
2) ವಿದ್ಯುತ್ ನಿಂತಾಗ ಬದಲಿ ವ್ಯವಸ್ಥೆ ಇದೆಯೇ?
3) ಕನ್ನಡ ಬೆರಳಚ್ಚನ್ನು ಯಾವ ತಂತ್ರಾಂಶ ಮತ್ತು ಯಾವ ಕೀಲಿಮಣೆ ವಿನ್ಯಾಸದಲ್ಲಿ ಕಲಿಸಲಾಗುತ್ತದೆ? ಯೂನಿಕೋಡ್ ಅಭ್ಯಾಸವಿದೆಯೇ?
4) ಕಡತ, ವಹಿ ಮತ್ತು ಪತ್ರ ವ್ಯವಹಾರದ ಪ್ರಾಯೋಗಿಕ ಅಭ್ಯಾಸವಿದೆಯೇ? ಹಿಂದಿನ ತಂಡದ ತಿದ್ದಿದ ಪುಸ್ತಕಗಳನ್ನು ನೋಡಲು ಅವಕಾಶವಿದೆಯೇ?
5) ಪ್ರಮಾಣಪತ್ರ ನೀಡುವ ಪ್ರಾಧಿಕಾರ ಯಾವುದು? ಅಪೇಕ್ಷಿತ ಹುದ್ದೆಯ ಅಧಿಸೂಚನೆಯಲ್ಲಿ ಅದಕ್ಕೆ ಮಾನ್ಯತೆ ಇದೆಯೇ?
6) ತರಬೇತಿಯ ವೇಳೆಯು ಊರಿನ ಬಸ್ಸು ಅಥವಾ ರೈಲಿನ ವೇಳೆಗೆ ಹೊಂದುತ್ತದೆಯೇ?
7) ಪಾವತಿಸಿದ ಶುಲ್ಕಕ್ಕೆ ರಸೀದಿ ನೀಡಲಾಗುತ್ತದೆಯೇ?

ಇವುಗಳಲ್ಲಿ 5ನೇ ಅಂಶವು ಅತ್ಯಂತ ಮಹತ್ವದ್ದು. ಮಾನ್ಯತೆಯಿಲ್ಲದ ಪ್ರಮಾಣಪತ್ರಕ್ಕಾಗಿ ಕಳೆದ ವರ್ಷವೂ ಹಣವೂ ಹಿಂದಿರುಗುವುದಿಲ್ಲ.

7. ಸೌಲಭ್ಯ ಕಡಿಮೆ ಇರುವಲ್ಲಿ ಅನುಸರಿಸಬಹುದಾದ ಕ್ರಮ

ಎಲ್ಲ ಸೌಲಭ್ಯಗಳು ಒಂದೇ ಕಡೆ ದೊರೆಯದಿರಬಹುದು. ಅಂತಹ ಸಂದರ್ಭದಲ್ಲಿ ಅಭ್ಯರ್ಥಿಗಳು ಮನೆಯಲ್ಲಿ ಬಳಸಿದ ಗಣಕಯಂತ್ರವಿದ್ದರೆ ದಿನವೂ ಅರ್ಧ ಗಂಟೆ ಗಡಿಯಾರವಿಟ್ಟು ಅಭ್ಯಾಸ ಮಾಡಬಹುದು. ಇಬ್ಬರು ಮೂವರು ಸೇರಿ ಒಂದು ಯಂತ್ರವನ್ನು ಹಂಚಿಕೊಳ್ಳಬಹುದು. ಇಲಾಖೆಗಳು ಪ್ರಕಟಿಸುವ ಆದೇಶ ಮತ್ತು ಸುತ್ತೋಲೆಗಳನ್ನು ನೋಡಿ ಅದೇ ನಮೂನೆಯಲ್ಲಿ ಕರಡು ಬರೆಯುವುದಕ್ಕೆ ಯಾವ ವೆಚ್ಚವೂ ಇಲ್ಲ. ಮೊಬೈಲಿನಲ್ಲಿ ಕನ್ನಡ ಬರೆಯುವ ರೂಢಿಯು ಅಕ್ಷರಶುದ್ಧಿಗೆ ನೆರವಾಗಬಹುದಾದರೂ ಹತ್ತು ಬೆರಳುಗಳ ವೇಗಕ್ಕೆ ಅದು ನೆರವಾಗದು ಎಂಬುದನ್ನು ಗಮನಿಸಬೇಕು.

8. ಸಾರ್ವಜನಿಕರಿಗೆ ಇದರಿಂದ ಏನು?

ತರಬೇತಿಯ ಪ್ರಶ್ನೆಯು ಉದ್ಯೋಗಾಕಾಂಕ್ಷಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗ್ರಾಮ ಪಂಚಾಯತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ಮನೆಯ ಆಸ್ತಿಗೆ ನಮೂನೆ-9 ಪಡೆಯಲು ಬಂದ ನಾಗರಿಕರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 'ಶಿವಪ್ಪ' ಎಂಬ ಹೆಸರು 'ಶಿವಪ' ಎಂದು ದಾಖಲಾದರೆ ಆಧಾರ್ ಚೀಟಿಗೂ ಆಸ್ತಿ ಪತ್ರಕ್ಕೂ ತಾಳೆಯಾಗದೆ ಬ್ಯಾಂಕಿನ ಸಾಲ ನಿಲ್ಲಬಹುದು. ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ಓಡಾಟ, ಮತ್ತೊಂದು ದಿನದ ಕೂಲಿ ನಷ್ಟ. ಒಂದು ಒತ್ತಕ್ಷರದ ಲೋಪದ ಬೆಲೆಯನ್ನು ಅರ್ಜಿದಾರನೇ ತೆರುತ್ತಾನೆ.

2011ರ ಸಕಾಲ ಅಧಿನಿಯಮವು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದ್ದು, ಅಧಿಸೂಚಿತ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಪಡೆಯುವ ಹಕ್ಕನ್ನು ನಾಗರಿಕರಿಗೆ ನೀಡಿದೆ. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಿದ ಮಾಹಿತಿಯನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಒದಗಿಸಬೇಕು. ಈ ಕಾಲಮಿತಿಗಳು ಕಾಗದದ ಮೇಲೆ ಉಳಿಯದೆ ಕಾರ್ಯರೂಪಕ್ಕೆ ಬರಬೇಕಾದರೆ ಅರ್ಜಿಯನ್ನು ದಾಖಲಿಸುವ, ಕಡತವನ್ನು ಹುಡುಕಿ ಕೊಡುವ, ಹಿಂಬರಹವನ್ನು ಬರೆಯುವ ಸಿಬ್ಬಂದಿಯು ತನ್ನ ಕೆಲಸದಲ್ಲಿ ಪಳಗಿರಬೇಕು. ಮುಗದದ ಪದವೀಧರೆಯೊಬ್ಬಳಿಗೆ ಇಂದು ದೊರೆಯುವ ಒಂದು ಗಂಟೆಯ ಅಭ್ಯಾಸವು ನಾಳೆ ಸೇವಾ ಕೇಂದ್ರದ ಕಿಟಕಿಯ ಮುಂದೆ ನಿಲ್ಲುವ ಅದೇ ಊರಿನ ಅರ್ಜಿದಾರನ ಒಂದು ದಿನವನ್ನು ಉಳಿಸಬಲ್ಲದು.

9. ಹೆಚ್ಚಿನ ಮಾಹಿತಿಗಾಗಿ

ನೋಂದಣಿ ಹಾಗೂ ಉದ್ಯೋಗ ಮಾರ್ಗದರ್ಶನಕ್ಕಾಗಿ ಅಭ್ಯರ್ಥಿಗಳು ಧಾರವಾಡ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯನ್ನು, ಕೋರ್ಸುಗಳ ಪ್ರವೇಶಕ್ಕಾಗಿ ಸಮೀಪದ ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಕೈಗಾರಿಕಾ ತರಬೇತಿ ಸಂಸ್ಥೆಯ ಪ್ರಾಂಶುಪಾಲರನ್ನು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಯನ್ನು ಸಂಪರ್ಕಿಸಬಹುದು. ಭೇಟಿಯ ವೇಳೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಅಥವಾ ಡಿಪ್ಲೊಮಾ ಅಂಕಪಟ್ಟಿಗಳು, ಆಧಾರ್ ಚೀಟಿ, ಇತ್ತೀಚಿನ ಭಾವಚಿತ್ರಗಳು ಹಾಗೂ ಅನ್ವಯವಾಗುವ ಮೀಸಲಾತಿ ಪ್ರಮಾಣಪತ್ರಗಳ ಮೂಲ ಪ್ರತಿ ಮತ್ತು ನಕಲುಗಳನ್ನು ಜೊತೆಯಲ್ಲಿ ಒಯ್ಯುವುದು. ಅರ್ಹತೆ, ಶುಲ್ಕ ಮತ್ತು ದಿನಾಂಕಗಳು ಪ್ರತಿ ಅಧಿಸೂಚನೆಯಲ್ಲಿ ಬದಲಾಗಬಹುದಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.